ಕಂಪ್ಯೂಟರ್‌ನಲ್ಲಿ ಡಿ ಡ್ರೈವ್ ಮಾಯ ಆಯ್ತಾ? ಗಾಬರಿಯಲ್ಲಿ ಫಾರ್ಮ್ಯಾಟ್ ಒತ್ತಬೇಡಿ, ಲೆಕ್ಕ ಇನ್ನೂ ಅಲ್ಲೇ ಇರಬಹುದು

ನಮ್ಮ ಪೇಟೆಯ ಗೊಬ್ಬರದ ಅಂಗಡಿಯೊಂದರಲ್ಲಿ ಇತ್ತೀಚೆಗೆ ಹಳೇ ಕಂಪ್ಯೂಟರ್‌ಗೆ ಮತ್ತೆ ವಿಂಡೋಸ್ ಹಾಕಿಸಿದರು. ಆನ್ ಮಾಡಿ ನೋಡಿದ್ರೆ ಸಿ ಡ್ರೈವ್ ಮಾತ್ರ ಇದೆ, ಡಿ ಇಲ್ಲ. ಟ್ಯಾಲಿ ಲೆಕ್ಕ, ರೈತರಿಗೆ ಕೊಟ್ಟ ಉದ್ರಿ ಪಟ್ಟಿ ಎಲ್ಲಾ ಇದ್ದದ್ದು ಡಿ ಡ್ರೈವ್‌ನಲ್ಲೇ. ಸುಗ್ಗಿ ಮುಗಿದ ಮೇಲೆ ಯಾರ ಹತ್ರ ಎಷ್ಟು ವಸೂಲಿ ಮಾಡೋದು?

ಮಾಲೀಕರು ಒಂದು ಒಳ್ಳೆ ಕೆಲಸ ಮಾಡಿದ್ರು. ಏನನ್ನೂ ಒತ್ತದೆ ಕಂಪ್ಯೂಟರ್ ಆಫ್ ಮಾಡಿ ಬಿಟ್ಟರು. ಮಾರನೇ ದಿನ ಅವರ ಲೆಕ್ಕ ಪೂರ್ತಿ ವಾಪಸ್ ಬಂತು.

ಪಹಣಿ ಹರಿದರೆ ಹೊಲ ಹೋಗಲ್ಲ

ಹಳೇ ಕಂಪ್ಯೂಟರ್‌ಗಳಲ್ಲಿ ಹಾರ್ಡ್ ಡಿಸ್ಕ್‌ನ ಮೊಟ್ಟಮೊದಲ 512 ಬೈಟ್ ಜಾಗಕ್ಕೆ ಎಂಬಿಆರ್ ಅಂತಾರೆ. ಅದರೊಳಗೆ ಬರೀ 64 ಬೈಟ್‌ನಲ್ಲಿ ಪಾರ್ಟಿಷನ್ ಪಟ್ಟಿ ಇರುತ್ತೆ. ಯಾವ ಭಾಗ ಎಲ್ಲಿಂದ ಶುರು, ಎಷ್ಟು ದೊಡ್ಡದು ಅನ್ನೋದಷ್ಟೇ ಅದರಲ್ಲಿ ಬರೆದಿರೋದು. ಇದನ್ನ ಡಿಸ್ಕ್‌ನ ಪಹಣಿ ಅಂದ್ಕೊಳ್ಳಿ. ಕರೆಂಟ್ ಹೋಗಿ ಬಂದಾಗಲೋ, ವೈರಸ್‌ನಿಂದಲೋ, ವಿಂಡೋಸ್ ಹಾಕುವಾಗ ತಪ್ಪು ಗುಂಡಿ ಒತ್ತಿದ್ದರಿಂದಲೋ ಈ ಪಟ್ಟಿ ಹಾಳಾದರೆ ಡ್ರೈವ್ ಕಾಣಲ್ಲ. ಆದರೆ ಪಹಣಿ ಹರಿದ ಮಾತ್ರಕ್ಕೆ ಹೊಲ ಎಲ್ಲೂ ಹೋಗಲ್ಲ ಅಲ್ವಾ? ಫೈಲ್‌ಗಳೂ ಇದ್ದ ಜಾಗದಲ್ಲೇ ಇರ್ತವೆ.

ಆ ಹೊಲದಲ್ಲಿ ಬೇರೆಯವರು ಉತ್ತು ಬಿತ್ತಿದರೆ ಮಾತ್ರ ಕಷ್ಟ. ಅಂದ್ರೆ ಅದೇ ಜಾಗದ ಮೇಲೆ ಹೊಸ ಫೈಲ್ ಬರೆದರೆ ಹಳೇದು ಅಳಿಸಿ ಹೋಗುತ್ತೆ. ಆಮೇಲೆ ಯಾವ ಸಾಫ್ಟ್‌ವೇರ್‌ನಿಂದಲೂ ಅದು ಬರಲ್ಲ.

ಮೊದಲು ಏನು ನೋಡಬೇಕು?

ಹಳೇ ವಿಂಡೋಸ್ ಆದರೆ ಸ್ಟಾರ್ಟ್ ಮೆನುವಿನಲ್ಲಿ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ, ಮ್ಯಾನೇಜ್, ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ.

* ಡ್ರೈವ್ ಹೆಲ್ದಿ ಅಂತ ತೋರಿಸಿ ಅಕ್ಷರ ಮಾತ್ರ ಇಲ್ಲದಿದ್ದರೆ, ಡಿ ಅಂತ ಅಕ್ಷರ ಕೊಟ್ಟರೆ ಸಾಕು.
* ಅನ್‌ಅಲೊಕೇಟೆಡ್ ಅಂತ ಇದ್ದರೆ ಪಾರ್ಟಿಷನ್ ಪಟ್ಟಿ ಹೋಗಿದೆ.
* ರಾ ಅಂತ ಇದ್ದರೆ ಒಳಗಿನ ಫೈಲ್ ವ್ಯವಸ್ಥೆ ಕೆಟ್ಟಿದೆ. ಆಗ ವಿಂಡೋಸ್ ತಾನಾಗೇ ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತೆ. ಕ್ಯಾನ್ಸಲ್ ಒತ್ತಿ.
* ಡಿಸ್ಕೇ ಕಾಣದಿದ್ದರೆ ಒಳಗಿನ ಕೇಬಲ್ ಸಡಿಲ ಆಗಿದೆಯಾ ನೋಡಿಸಿ.

ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬರ್ತಿದ್ದರೆ ತಕ್ಷಣ ಆಫ್ ಮಾಡಿ. ಅದು ಯಂತ್ರದ ದೋಷ. ಓಡಿಸಿದಷ್ಟೂ ಹಾಳಾಗುತ್ತೆ, ಮನೆಯಲ್ಲಿ ಪ್ರಯೋಗ ಬೇಡ.

ವಾಪಸ್ ತರೋದು ಹೇಗೆ?

ಟೆಸ್ಟ್‌ಡಿಸ್ಕ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ. ಫ್ರಾನ್ಸ್‌ನ ಕ್ರಿಸ್ಟೋಫ್ ಗ್ರೆನಿಯರ್ ಬರೆದದ್ದು. ಸರ್ವೆಯವರು ಬಾಂದು ಕಲ್ಲು ಹುಡುಕಿ ಹದ್ದು ಗುರುತಿಸುವ ಹಾಗೆ, ಇದು ಡಿಸ್ಕ್ ಪೂರ್ತಿ ಓದಿ ಹಳೇ ಪಾರ್ಟಿಷನ್‌ಗಳ ಗುರುತು ಹುಡುಕುತ್ತೆ.

1. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿಸಿ. ತುಂಬಾ ಹಳೇದರಲ್ಲಿ ಅಗಲ ಪಟ್ಟಿ ಕೇಬಲ್‌ನ ಐಡಿಇ ಡಿಸ್ಕ್ ಇರುತ್ತೆ. ಅದಕ್ಕೆ ಬೇರೆ ಕರೆಂಟ್ ಪ್ಲಗ್ ಇರುವ ಯುಎಸ್‌ಬಿ ಅಡಾಪ್ಟರ್ ಬೇಕು.
2. ಸಾಧ್ಯವಾದರೆ ಮೊದಲು ಇಡೀ ಡಿಸ್ಕ್‌ನ ಇಮೇಜ್, ಅಂದ್ರೆ ಪಡಿಯಚ್ಚು, ಇನ್ನೊಂದು ಡಿಸ್ಕ್‌ಗೆ ತಗೊಳ್ಳಿ.
3. ಟೆಸ್ಟ್‌ಡಿಸ್ಕ್‌ನಲ್ಲಿ ಸೈಜ್ ನೋಡಿ ಸರಿಯಾದ ಡಿಸ್ಕ್ ಆರಿಸಿ. ಇಂಟೆಲ್, ಅನಲೈಸ್, ಕ್ವಿಕ್ ಸರ್ಚ್ ಹೀಗೆ ಮುಂದೆ ಹೋಗಿ. ಇಲ್ಲಿ ಮೌಸ್ ನಡೆಯಲ್ಲ, ಬಾಣದ ಕೀ ಮತ್ತು ಎಂಟರ್ ಅಷ್ಟೇ.
4. ಸಿಕ್ಕ ಪಾರ್ಟಿಷನ್ ಮೇಲೆ ನಿಂತು ಪಿ ಒತ್ತಿದರೆ ಫೈಲ್ ಹೆಸರುಗಳು ಬರ್ತವೆ. ನಿಮ್ಮವೇ ಆಗಿದ್ದರೆ ಮೊದಲು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ.
5. ಎಲ್ಲಾ ಸರಿ ಅನಿಸಿದ ಮೇಲೆ ಮಾತ್ರ ರೈಟ್ ಕೊಟ್ಟು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ.

ಏನೂ ಸಿಗದಿದ್ದರೆ ಡೀಪರ್ ಸರ್ಚ್ ಇದೆ, ಗಂಟೆಗಟ್ಟಲೆ ಹಿಡಿಯುತ್ತೆ. ಅದೂ ಆಗದಿದ್ದರೆ ಜೊತೆಗೇ ಬರುವ ಫೋಟೋರೆಕ್ ಫೈಲ್‌ಗಳನ್ನ ಒಂದೊಂದಾಗಿ ಹೆಕ್ಕುತ್ತೆ. ಆದರೆ ಹೆಸರು, ಫೋಲ್ಡರ್ ಉಳಿಯಲ್ಲ.

ಇವು ಬೇಡ

ಅದೇ ಡಿಸ್ಕ್‌ಗೆ ರಿಕವರಿ ಸಾಫ್ಟ್‌ವೇರ್ ಹಾಕಬೇಡಿ. ಚೆಕ್‌ಡಿಸ್ಕ್ ಓಡಿಸಬೇಡಿ. ವಿಂಡೋಸ್ ವಿಸ್ಟಾದಿಂದ ಈಚೆಗೆ ಕ್ವಿಕ್ ಅಲ್ಲದ ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಡಿಸ್ಕ್ ತುಂಬಾ ಸೊನ್ನೆ ಬರೆಯುತ್ತೆ, ಅಲ್ಲಿಗೆ ಕಥೆ ಮುಗೀತು. ಒಂದು ಫೋಟೋ ಸ್ಟುಡಿಯೋದವರು ಡ್ರೈವ್ ಹೋದ ಮೇಲೆ ಫಾರ್ಮ್ಯಾಟ್ ಮಾಡಿ, ಹೊಸ ಮದುವೆಯ ಫೋಟೋ ಅದಕ್ಕೇ ತುಂಬಿಸಿದ್ರು. ಹಳೇ ಮದುವೆಯ ಆಲ್ಬಂ ಸಿಗಲೇ ಇಲ್ಲ.

ರಿಪೇರಿಗೆ ಕೊಡುವಾಗ ಬಾಯಿಬಿಟ್ಟು ಹೇಳಿ: "ಡೇಟಾ ಬೇಕು, ನನ್ನ ಕೇಳದೆ ಫಾರ್ಮ್ಯಾಟ್ ಮಾಡಬೇಡಿ." ಚೀಟಿ ಬರೆದು ಸಿಪಿಯು ಮೇಲೆ ಅಂಟಿಸಿದರೆ ಇನ್ನೂ ಒಳ್ಳೇದು.

ಗೊಬ್ಬರದ ಅಂಗಡಿಯವರು ಈಗ ರಾತ್ರಿ ಬಾಗಿಲು ಹಾಕೋ ಮುಂಚೆ ಟ್ಯಾಲಿ ಬ್ಯಾಕಪ್ ಪೆನ್ ಡ್ರೈವ್‌ಗೆ ಹಾಕ್ಕೊಂಡು ಮನೆಗೆ ಒಯ್ತಾರೆ. ಐದು ನಿಮಿಷದ ಕೆಲಸ ಅಷ್ಟೇ.