ಕ್ರಾಯ್ನೆಮ್ ಊರಿನ ಭಾಷಾವ್ಯಾಜ್ಯ

ಬೆಲ್ಜಿಯಂ ದೇಶದ ರಾಜಧಾನಿಯಾದ ಬ್ರಸೆಲ್ಸ್ ನಗರದ ಪೂರ್ವದ ಅಂಚಿಗೆ ಹೊಂದಿಕೊಂಡು ಕ್ರಾಯ್ನೆಮ್ ಎಂಬ ಊರೊಂದುಂಟು. ಅದರ ವಿಸ್ತಾರ ೬ ಚದರ ಕಿಲೋಮೀಟರಿಗೂ ಕಡಮೆ. ಜನಸಂಖ್ಯೆ ಸುಮಾರು ೧೩-೧೪ ಸಾವಿರ. ಸಾಲುಮರಗಳ ಬೀದಿಗಳು, ತೋಟಗಳ ನಡುವಣ ಮನೆಗಳು, ಕೂಗಳತೆಯಲ್ಲಿ ನಗರದ ಸುರಂಗರೈಲು, ಸ್ವಲ್ಪ ದೂರದಲ್ಲಿ ವಿಮಾನ ನಿಲ್ದಾಣ: ಹೀಗೆ ಉಳ್ಳವರು ಬಯಸುವ ಅನುಕೂಲಗಳೆಲ್ಲ ಅಲ್ಲಿ ಒಟ್ಟುಗೂಡಿವೆ. ಹಸಿವಾಗಲಿ ನಿರುದ್ಯೋಗವಾಗಲಿ ಅಂತಹ ಊರನ್ನು ಕಲಕುವ ಸಂಗತಿಗಳಲ್ಲ. ಆದರೂ ಅರವತ್ತು ವರ್ಷಗಳಿಗೂ ಮಿಕ್ಕಿ ಅಲ್ಲಿ ಒಂದು ವ್ಯಾಜ್ಯ ನಡೆಯುತ್ತ ಬಂದಿದೆ. ಊರಿನವರು ತಮ್ಮ ಪುರಸಭೆಯೊಡನೆ ಯಾವ ಭಾಷೆಯಲ್ಲಿ ವ್ಯವಹರಿಸಬೇಕು ಎಂಬುದೇ ಆ ವ್ಯಾಜ್ಯ. ಭಾಷೆಯ ವಿಷಯದಲ್ಲಿ ಆಸಕ್ತಿಯುಳ್ಳ ನಮ್ಮ ವಾಚಕರು ಇದರ ವೃತ್ತಾಂತವನ್ನು ತಿಳಿದಿರುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಬೆಲ್ಜಿಯಂ ೧೮೩೦ರಲ್ಲಿ ಸ್ವತಂತ್ರವಾಯಿತು. ಉತ್ತರದ ಫ್ಲಾಂಡರ್ಸಿನವರ ನುಡಿ ಡಚ್ಚು. ದಕ್ಷಿಣದ ವಾಲೋನಿಯಾದವರ ನುಡಿ ಫ್ರೆಂಚು. ಬ್ರಸೆಲ್ಸ್ ನಗರವಾದರೋ ಡಚ್ಚು ನುಡಿಯ ನೆಲದಲ್ಲಿಯೇ ಹುಟ್ಟಿ ಬೆಳೆದದ್ದು. ಆದರೆ ಹೊಸ ರಾಜ್ಯದಲ್ಲಿ ಆಡಳಿತ, ಸೇನೆ, ನ್ಯಾಯಸ್ಥಾನ, ಉಚ್ಚ ಶಿಕ್ಷಣ ಎಲ್ಲವೂ ಫ್ರೆಂಚಿನ ವಶವಾದುವು. ಮೇಲೇರಬಯಸಿದ ಫ್ಲೆಮಿಷ್ ತರುಣನು ಮೊದಲು ತನ್ನ ಮಾತನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕಾಗಿತ್ತು. ಡಚ್ಚಿನಲ್ಲಿರುವ ಕಾಯಿದೆಯ ಪಾಠಕ್ಕೂ ಫ್ರೆಂಚಿನಷ್ಟೇ ಪ್ರಾಮಾಣ್ಯ ದೊರೆತದ್ದು ೧೮೯೮ರಲ್ಲಿ. ಗೆಂಟ್ ವಿಶ್ವವಿದ್ಯಾಲಯವು ಪೂರ್ಣವಾಗಿ ಡಚ್ಚಿನಲ್ಲಿ ಬೋಧಿಸತೊಡಗಿದ್ದು ೧೯೩೦ರಲ್ಲಿ. ರಾಜ್ಯ ಹುಟ್ಟಿ ನೂರು ವರ್ಷಗಳ ಮೇಲೆ ಬಹುಸಂಖ್ಯಾತರಿಗೆ ತಮ್ಮ ನುಡಿಯ ವಿಶ್ವವಿದ್ಯಾಲಯವೊಂದು ಲಭಿಸಿತೆಂದರೆ, ಅವರ ಮನಸ್ಸಿನಲ್ಲಿ ಎಷ್ಟು ಕಹಿ ಸಂಚಯವಾಗಿದ್ದಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ನಡುವೆ ರಾಜಧಾನಿಯು ಬೆಳೆಯಿತು. ಅನುಕೂಲಸ್ಥರು ಪೇಟೆಯ ಗದ್ದಲವನ್ನು ಬಿಟ್ಟು ಸುತ್ತಣ ಹಳ್ಳಿಗಳಲ್ಲಿ ನಿವೇಶನ ಕೊಂಡರು. ರೈತನು ಹೊಲವನ್ನು ಮಾರಿದನು. ಹೊಲವಿದ್ದಲ್ಲಿ ತೋಟದ ಮನೆ ಎದ್ದಿತು. ಮನೆಯೊಡನೆ ಫ್ರೆಂಚ್ ನುಡಿಯೂ ಬಂದಿತು. ನಗರದ ಈ ಹರಡುವಿಕೆಯನ್ನು ಫ್ಲೆಮಿಷರು ‘ಎಣ್ಣೆಯ ಕಲೆ’ ಎಂದು ಕರೆಯುತ್ತಾರೆ. ಬಟ್ಟೆಯ ಮೇಲೆ ಬಿದ್ದ ಎಣ್ಣೆ ಸದ್ದಿಲ್ಲದೆ ಹರಡುವಂತೆ ಒಂದು ಭಾಷೆ ಇನ್ನೊಂದರ ನೆಲದಲ್ಲಿ ಹರಡಿತೆಂಬುದು ಅವರ ದೂರು. ಇಲ್ಲಿ ಸೇನೆ ಬರಲಿಲ್ಲ, ಯಾರೂ ಯಾರನ್ನೂ ಓಡಿಸಲಿಲ್ಲ. ಕ್ರಯಪತ್ರಗಳು ನೋಂದಾಯಿಸಲ್ಪಟ್ಟುವು, ಅಷ್ಟೆ.

೧೯೩೨ರ ಕಾಯಿದೆಯು ಆಡಳಿತಭಾಷೆಯನ್ನು ಜನಗಣತಿಗೆ ಕಟ್ಟಿಹಾಕಿತು. ಯಾವ ಊರಿನಲ್ಲಿ ಅಲ್ಪಸಂಖ್ಯಾತರ ಪ್ರಮಾಣ ನೂರಕ್ಕೆ ೩೦ನ್ನು ಮುಟ್ಟುವುದೋ ಅಲ್ಲಿ ಅವರ ನುಡಿಯಲ್ಲಿಯೂ ಪ್ರಜೆಗಳೊಡನೆ ವ್ಯವಹರಿಸಬೇಕು; ಅರ್ಧವನ್ನು ಮೀರಿದರೆ ಊರಿನ ಸ್ಥಾನಮಾನವೇ ಬದಲಾಗಬೇಕು. ೧೯೪೭ರಲ್ಲಿ ನಡೆದ ಗಣತಿಯ ಭಾಷಾಂಕಿಗಳು ವಿವಾದದ ದೆಸೆಯಿಂದ ೧೯೫೪ರವರೆಗೆ ಪ್ರಕಟವಾಗಲಿಲ್ಲ. ಪ್ರಕಟವಾದಾಗ ಎವೆರೆ, ಗನ್ಸ್‌ಹೋರೆನ್ ಮುಂತಾದ ಮೂರು ಊರುಗಳು ದ್ವಿಭಾಷಾ ಬ್ರಸೆಲ್ಸಿಗೆ ಸೇರಿಹೋದುವು; ಅಲ್ಲಿಗೆ ಆ ನಗರದ ಪುರಸಭೆಗಳು ೧೯ ಆದುವು. ಕ್ರಾಯ್ನೆಮ್ ಮತ್ತು ಇನ್ನು ಮೂರು ಊರುಗಳಲ್ಲಿ ಫ್ರೆಂಚರಿಗೆ ಅನುಕೂಲತೆಗಳು ದೊರೆತುವು. ಹತ್ತು ವರ್ಷಕ್ಕೊಮ್ಮೆ ತಲೆ ಎಣಿಸಿ ನೆಲವನ್ನು ಹಂಚುವುದಾದರೆ ಗಣತಿಯೇ ಒಂದು ದಂಡಯಾತ್ರೆಯಾಗದೆ ಇದ್ದೀತೆ? ಫ್ಲೆಮಿಷರು ಪ್ರತಿಭಟಿಸಿದರು. ೧೯೬೧ರಲ್ಲಿ ಭಾಷಾಗಣತಿಯನ್ನೇ ರದ್ದುಗೊಳಿಸಲಾಯಿತು. ೧೯೬೨-೬೩ರ ಕಾಯಿದೆಗಳು ಭಾಷಾಗಡಿಯನ್ನು ಶಾಶ್ವತವಾಗಿ ಗೆರೆಯೆಳೆದು ನಿಲ್ಲಿಸಿದುವು.

ಆ ಗೆರೆಯು ಕ್ರಾಯ್ನೆಮನ್ನು ಡಚ್ಚಿನ ಕಡೆಗೆ ಇಟ್ಟಿತು. ಆದರೆ ಫ್ರೆಂಚರನ್ನು ಸಮಾಧಾನಪಡಿಸುವುದಕ್ಕಾಗಿ ಬ್ರಸೆಲ್ಸಿನ ಅಂಚಿನ ಆರು ಊರುಗಳಿಗೆ ‘ಸೌಲಭ್ಯ’ಗಳೆಂಬುದನ್ನು ಕೊಡಲಾಯಿತು. ಕ್ರಾಯ್ನೆಮ್, ಲಿಂಕೆಬೇಕ್, ವೆಮೆಲ್, ವೆಜೆಂಬೇಕ್-ಓಪೆಮ್, ಡ್ರೋಗೆನ್‌ಬೋಸ್, ಸಿಂಟ್ ಜೆನೇಸಿಯಸ್ ರೋಡೆ ಇವೇ ಆ ಆರು. ಕಚೇರಿಯ ಒಳವ್ಯವಹಾರ ಡಚ್ಚಿನಲ್ಲಿ; ಪುರಸಭೆಯ ಚರ್ಚೆ ಡಚ್ಚಿನಲ್ಲಿ; ಸಾರ್ವಜನಿಕ ಪ್ರಕಟಣೆ ಎರಡರಲ್ಲಿಯೂ; ಫ್ರೆಂಚ್ ಪ್ರಜೆಯು ಬಯಸಿದರೆ ಅವನಿಗೆ ಕೊಡುವ ಕಾಗದಪತ್ರ ಫ್ರೆಂಚಿನಲ್ಲಿ. ಊರಿನ ೧೬ ಮಂದಿ ಕುಟುಂಬದ ಯಜಮಾನರು ಕೇಳಿದರೆ ಫ್ರೆಂಚ್ ಪ್ರಾಥಮಿಕ ಶಿಕ್ಷಣವನ್ನೂ ಒದಗಿಸಬೇಕು.

ಈ ಏರ್ಪಾಡು ಅಡ್ಡಗೋಡೆಯ ಮೇಲೆ ದೀಪವಿಟ್ಟಂತಾಯಿತು. ಸೌಲಭ್ಯವು ಎಷ್ಟು ಕಾಲದ್ದೆಂಬುದನ್ನು ಕಾಯಿದೆ ಹೇಳಲಿಲ್ಲ. ಹೊಸದಾಗಿ ಬಂದವರು ಡಚ್ಚನ್ನು ಕಲಿಯುವವರೆಗೆ ಕೊಟ್ಟ ಊರುಗೋಲು ಅದು ಎಂದು ಫ್ಲೆಮಿಷರು ತಿಳಿದರು. ಎಂದೆಂದಿಗೂ ನಮ್ಮದಾದ ಹಕ್ಕು ಎಂದು ಫ್ರೆಂಚರು ತಿಳಿದರು. ೧೯೯೭ರಲ್ಲಿ ಫ್ಲೆಮಿಷ್ ಮಂತ್ರಿ ಲಿಯೊ ಪೀಟರ್ಸರು ಸುತ್ತೋಲೆಯೊಂದನ್ನು ಹೊರಡಿಸಿ, ಫ್ರೆಂಚ್ ಕಾಗದ ಬೇಕೆನ್ನುವವನು ಪ್ರತಿ ಸಲವೂ ಹೊಸದಾಗಿ ಕೇಳತಕ್ಕುದೆಂದು ವಿಧಿಸಿದರು. ೨೦೦೪ರಲ್ಲಿ ಆಡಳಿತ ವಿಷಯಗಳ ಉಚ್ಚ ನ್ಯಾಯಸ್ಥಾನವು ಅದನ್ನು ಎತ್ತಿಹಿಡಿಯಿತು. ೨೦೧೪ರಲ್ಲಿ ಅದೇ ನ್ಯಾಯಸ್ಥಾನವು ನಡುದಾರಿಯೊಂದನ್ನು ಸೂಚಿಸಿ, ಒಮ್ಮೆ ಕೇಳಿದರೆ ನಾಲ್ಕು ವರ್ಷ ಸಾಕೆಂದಿತು. ತೆರಿಗೆಯ ಚೀಟಿ ಯಾವ ನುಡಿಯಲ್ಲಿರಬೇಕೆಂಬುದನ್ನು ಗೊತ್ತುಮಾಡಲು ಒಂದು ಸುಶಿಕ್ಷಿತ ರಾಷ್ಟ್ರಕ್ಕೆ ಅರ್ಧ ಶತಮಾನ ಬೇಕಾಯಿತು!

ಇದಕ್ಕಿಂತಲೂ ಗಂಭೀರವಾದುದು ಮಕ್ಕಳ ವಿದ್ಯಾಭ್ಯಾಸದ ಮಾತು. ಕ್ರಾಯ್ನೆಮಿನವರೂ ಸೇರಿದಂತೆ ಡಚ್ಚು ಪ್ರದೇಶದಲ್ಲಿ ವಾಸವಾಗಿದ್ದ ಕೆಲವರು ಫ್ರೆಂಚ್ ತಂದೆತಾಯಿಗಳು ಯೂರೋಪಿನ ಮಾನವ ಹಕ್ಕುಗಳ ನ್ಯಾಯಸ್ಥಾನದವರೆಗೆ ಹೋದರು. ೧೯೬೮ನೆಯ ಜುಲೈ ೨೩ರಂದು ತೀರ್ಪು ಬಂದಿತು. ತಂದೆತಾಯಿಗಳು ಬಯಸಿದ ನುಡಿಯಲ್ಲಿಯೇ ಶಿಕ್ಷಣವನ್ನೊದಗಿಸಲು ಸರಕಾರವು ಬದ್ಧವಲ್ಲವೆಂದು ನ್ಯಾಯಾಧೀಶರು ಅವರ ಬಹುಭಾಗದ ಅಹವಾಲನ್ನು ತಳ್ಳಿಹಾಕಿದರು. ಒಂದು ಅಂಶದಲ್ಲಿ ಮಾತ್ರ ೮ಕ್ಕೆ ೭ರ ಬಹುಮತದಿಂದ ಬೆಲ್ಜಿಯಮ್ಮಿನ ಮೇಲೆ ತಪ್ಪು ಹೊರಿಸಿದರು. ಈ ಆರು ಊರುಗಳ ಡಚ್ಚು ಶಾಲೆಗಳಿಗೆ ಎಲ್ಲಿಯ ಮಗುವಾದರೂ ಸೇರಬಹುದಾಗಿತ್ತು. ಫ್ರೆಂಚ್ ಶಾಲೆಗಳಿಗಾದರೋ ತಂದೆತಾಯಿಗಳು ಆ ಊರಿನವರಲ್ಲದಿದ್ದರೆ ಪ್ರವೇಶವಿರಲಿಲ್ಲ. ಭಾಷೆಯೊಂದನ್ನೇ ನೋಡಿ ಹೀಗೆ ಭೇದವೆಣಿಸಕೂಡದೆಂದು ನ್ಯಾಯಸ್ಥಾನವು ಹೇಳಿತು. ಈ ತೀರ್ಪಿನಲ್ಲಿ ಎರಡು ಕಡೆಯವರಿಗೂ ಬುದ್ಧಿವಾದವಿದೆ. ಗೆರೆಯನ್ನೆಳೆಯುವ ಅಧಿಕಾರ ರಾಜ್ಯಕ್ಕುಂಟು. ಆ ಗೆರೆಯನ್ನು ಒಬ್ಬರ ಮಗುವಿನ ಮುಂದೆ ಮಾತ್ರ ಗೋಡೆಯಾಗಿಸುವ ಅಧಿಕಾರವಿಲ್ಲ.

೨೦೦೬ರ ಪುರಸಭಾ ಚುನಾವಣೆಯಲ್ಲಿ ಮತ್ತೊಂದು ಪ್ರಕರಣ ಎದ್ದಿತು. ಕ್ರಾಯ್ನೆಮ್, ಲಿಂಕೆಬೇಕ್, ವೆಜೆಂಬೇಕ್-ಓಪೆಮ್ ಪುರಸಭೆಗಳು ಫ್ರೆಂಚ್ ಮತದಾರರಿಗೆ ಕರೆಯೋಲೆಯನ್ನು ನೇರವಾಗಿ ಫ್ರೆಂಚಿನಲ್ಲಿಯೇ ಕಳುಹಿಸಿದುವು. ಇದು ಕಾಯಿದೆಗೆ ವಿರುದ್ಧವೆಂದು ಫ್ಲೆಮಿಷ್ ಸರಕಾರವು ಬಹುಮತದಿಂದ ಆರಿಸಿಬಂದ ಮೂವರು ಅಧ್ಯಕ್ಷರನ್ನು ನೇಮಿಸಲು ೨೦೦೭ರಲ್ಲಿ ನಿರಾಕರಿಸಿತು. ೨೦೦೮ರಲ್ಲಿ ಯೂರೋಪ್ ಮಂಡಲಿಯ ಸ್ಥಳೀಯಾಡಳಿತ ಸಭೆಯು ಈ ನಡತೆಯನ್ನು ಆಕ್ಷೇಪಿಸಿತು. ಕಾಯಿದೆಯನ್ನು ಬೇಕೆಂದೇ ಮೀರಿದವರನ್ನು ನಾವು ಹೊಗಳಲಾರೆವು. ಆದರೆ ಒಂದು ಕರೆಯೋಲೆಯ ನುಡಿಗಾಗಿ ಊರಿನವರ ಮತವನ್ನೇ ವರ್ಷಗಟ್ಟಲೆ ತಡೆಹಿಡಿದದ್ದು ದೊಡ್ಡ ಮನಸ್ಸಿನ ಆಡಳಿತವಲ್ಲ.

ಕಡೆಗೆ ೨೦೧೨ರಲ್ಲಿ ರಾಜಿಯೊಂದು ಏರ್ಪಟ್ಟಿತು. ಬ್ರಸೆಲ್ಸನ್ನೂ ಅದರ ಸುತ್ತಣ ಫ್ಲೆಮಿಷ್ ಪ್ರದೇಶವನ್ನೂ ಒಂದುಗೂಡಿಸಿದ್ದ ಚುನಾವಣಾ ಕ್ಷೇತ್ರವು ಒಡೆಯಲ್ಪಟ್ಟಿತು. ಆದರೆ ಈ ಆರು ಊರಿನವರು ರಾಷ್ಟ್ರದ ಶಾಸನಸಭೆಯ ಚುನಾವಣೆಯಲ್ಲಿ ಬ್ರಸೆಲ್ಸಿನ ಅಭ್ಯರ್ಥಿಗಳಿಗೂ ಮತ ಹಾಕಬಹುದೆಂದಾಯಿತು. ಅಷ್ಟು ಹೊತ್ತಿಗೆ ವ್ಯಾಜ್ಯದ ಸ್ವರೂಪವೇ ಬದಲಾಗುತ್ತ ಬಂದಿತ್ತು. ಯೂರೋಪಿಯನ್ ಒಕ್ಕೂಟದ ಕಚೇರಿಗಳು ಬ್ರಸೆಲ್ಸಿನಲ್ಲಿರುವುದರಿಂದ ನಾನಾ ದೇಶಗಳ ಅಧಿಕಾರಿಗಳು ಈ ಹೊರವಲಯಗಳಲ್ಲಿ ಬಿಡಾರ ಮಾಡಿದರು. ಅವರಲ್ಲಿ ಅನೇಕರ ನುಡಿ ಡಚ್ಚೂ ಅಲ್ಲ, ಫ್ರೆಂಚೂ ಅಲ್ಲ. ಮನೆಗಳ ಬೆಲೆ ಏರಿತು. ನೆಲದ ಮಗನಿಗೇ ಹುಟ್ಟಿದ ಊರಿನಲ್ಲಿ ಸೂರು ಕೈಗೆಟುಕದಂತಾಯಿತು. ಫ್ಲಾಂಡರ್ಸಿನ ಕೆಲವು ಊರುಗಳಲ್ಲಿ ಆ ಊರಿನ ಸಂಬಂಧವುಳ್ಳವರಿಗೆ ಮಾತ್ರ ನಿವೇಶನವನ್ನು ಮಾರತಕ್ಕುದೆಂದು ೨೦೦೯ರಲ್ಲಿ ಶಾಸನವಾಯಿತು. ೨೦೧೩ರಲ್ಲಿ ಯೂರೋಪಿಯನ್ ಒಕ್ಕೂಟದ ನ್ಯಾಯಸ್ಥಾನವು ಅದಕ್ಕೆ ಅಡ್ಡಬಂದಿತು. ಅದೇ ವರ್ಷ ಬೆಲ್ಜಿಯಮ್ಮಿನ ಸಂವಿಧಾನ ನ್ಯಾಯಸ್ಥಾನವು ಅದನ್ನು ಅನೂರ್ಜಿತಗೊಳಿಸಿತು. ಎರಡು ಭಾಷೆಗಳು ಕಚೇರಿಯ ಕಾಗದಕ್ಕಾಗಿ ಬಡಿದಾಡುತ್ತಿದ್ದಾಗ ಹಣವು ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಕುಳಿತಿತ್ತು.

ನಮ್ಮ ದೇಶಕ್ಕೂ ಇದು ದೂರದ ಕಥೆಯಲ್ಲ. ೧೯೫೫ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವೂ ನೂರಕ್ಕೆ ೭೦ ಮಂದಿ ಒಂದೇ ನುಡಿಯವರಿದ್ದರೆ ಏಕಭಾಷಾ ರಾಜ್ಯ, ೩೦ರಷ್ಟು ಅಲ್ಪಸಂಖ್ಯಾತರಿದ್ದರೆ ದ್ವಿಭಾಷಾ ರಾಜ್ಯ ಎಂಬ ಅಳತೆಗೋಲನ್ನು ಹಿಡಿದಿತ್ತು. ೧೯೫೬ರಲ್ಲಿ ಸಂವಿಧಾನಕ್ಕೆ ಸೇರಿದ ೩೫೦-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವು ಮಾತೃಭಾಷೆಯಲ್ಲಿ ದೊರೆಯಲು ಯತ್ನಿಸಬೇಕೆಂದು ವಿಧಿಸಿದೆ. ಗಡಿಯ ಈಚೆಗೂ ಆಚೆಗೂ ನಮ್ಮವರಿರುವಾಗ ಕ್ರಾಯ್ನೆಮಿನ ಪ್ರಶ್ನೆ ನಮ್ಮದೂ ಹೌದು.

ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. ಗಣತಿಯೊಡನೆ ಸರಿಯುವ ಗಡಿಗಿಂತ ನಿಂತ ಗಡಿಯೇ ಮೇಲು. ಸರಿಯುವ ಗಡಿಯು ನೆರೆಹೊರೆಯವರನ್ನು ನಿತ್ಯವೈರಿಗಳನ್ನಾಗಿಸುತ್ತದೆ. ಫ್ಲೆಮಿಷರು ತಮ್ಮ ನೆಲದಲ್ಲಿ ತಮ್ಮ ನುಡಿಗೆ ಅಗ್ರಸ್ಥಾನವನ್ನು ಕೇಳಿದ್ದು ನ್ಯಾಯವೇ. ಇನ್ನೊಂದು ನಾಡಿನಲ್ಲಿ ಮನೆ ಕಟ್ಟಿದವನು ಆ ನಾಡಿನ ಮಾತನ್ನು ಕಲಿಯುವುದು ಸೌಜನ್ಯವಷ್ಟೇ ಅಲ್ಲ, ಋಣ. ಆದರೆ ಆ ಋಣವನ್ನು ಪ್ರತಿ ಕಾಗದಕ್ಕೊಮ್ಮೆ ಬೇಡಿಸಿ ವಸೂಲು ಮಾಡಲಾಗದು. ಕೊಡುವ ಸೌಲಭ್ಯವು ಎಷ್ಟು, ಎಲ್ಲಿಯವರೆಗೆ ಎಂಬುದನ್ನು ಕೊಡುವ ದಿನವೇ ಬರೆದಿಡಬೇಕು. ಇಬ್ಬರಿಗೂ ಬೇಕಾದಂತೆ ಓದಿಕೊಳ್ಳಲು ಬರುವ ಕಾಯಿದೆಯು ಸಹಿಯಾದ ದಿನ ಇಬ್ಬರನ್ನೂ ಸಂತೋಷಪಡಿಸುತ್ತದೆ. ಮರುದಿನದಿಂದ ಅವರ ಮಕ್ಕಳು ಮೊಮ್ಮಕ್ಕಳನ್ನು ನ್ಯಾಯಸ್ಥಾನಕ್ಕೆ ಅಲೆಸುತ್ತದೆ.