ಹನ್ನೊಂದು ಸಾವಿರ ಡಾಲರಿಗೆ ಪೋರ್ಷೆ: ಅಗ್ಗವೋ, ದುಬಾರಿಯೋ?



ಕಳೆದ ತಿಂಗಳ ಸಂಘದ ಪಿಕ್‌ನಿಕ್‌ನಲ್ಲಿ ಬಿಸಿಬೇಳೆಬಾತಿನ ಪಾತ್ರೆ ತಳ ಕಾಣುವ ಹೊತ್ತಿಗೆ ಮಾತು ಕಾರುಗಳ ಕಡೆ ತಿರುಗಿತು. ನಮ್ಮ ಸದಸ್ಯರೊಬ್ಬರು ಫೋನ್ ತೆಗೆದು ಒಂದು ಜಾಹೀರಾತು ತೋರಿಸಿದರು. 2002ರ ಪೋರ್ಷೆ ಬಾಕ್ಸ್‌ಟರ್, ಬೆಳ್ಳಿ ಬಣ್ಣ, ಬೆಲೆ ಹನ್ನೊಂದು ಸಾವಿರ ಡಾಲರ್. "ಮಗಳ ಕಾಲೇಜು ಮುಗೀತು. ಇಪ್ಪತ್ತು ವರ್ಷ ಮಿನಿವ್ಯಾನ್ ಓಡಿಸಿದ್ದು ಸಾಕು ಕಣ್ರೀ. ಹಳೇ ಕ್ಯಾಮ್ರಿ ದುಡ್ಡಿಗೆ ಪೋರ್ಷೆ ಸಿಗ್ತಿದೆ!" ಎಂದರು. ಅವರ ಶ್ರೀಮತಿಯವರದು ಒಂದೇ ಪ್ರಶ್ನೆ: "ಅಷ್ಟು ಒಳ್ಳೇ ಕಾರನ್ನ ಇಷ್ಟು ಕಡಿಮೆಗೆ ಯಾಕೆ ಮಾರ್ತಿದಾರೆ?" ಯಾರ ಹತ್ತಿರವೂ ಸರಿಯಾದ ಉತ್ತರ ಇರಲಿಲ್ಲ. ಅದಕ್ಕೇ ಈ ಲೇಖನ.

ಬಾಕ್ಸ್‌ಟರ್ 1997ರ ಮಾಡೆಲ್ ಆಗಿ ಅಮೆರಿಕಕ್ಕೆ ಬಂದಾಗ ಅದರ ಆರಂಭದ ಬೆಲೆ 39,980 ಡಾಲರ್. ಯಾವ ಹೊಸ ಕಾರೇ ಆಗಲಿ, ಮೊದಲ ನಾಲ್ಕೈದು ವರ್ಷಗಳಲ್ಲೇ ಬೆಲೆಯ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ. ಸ್ಪೋರ್ಟ್ಸ್ ಕಾರಿಗೆ ಇನ್ನೂ ಒಂದು ತೊಂದರೆ. ಎರಡೇ ಸೀಟು, ಮಕ್ಕಳನ್ನು ಕೂರಿಸುವಂತಿಲ್ಲ, ಕಾಸ್ಟ್‌ಕೋದಿಂದ ಅಕ್ಕಿ ಮೂಟೆ ತರುವುದೂ ಕಷ್ಟ. ಹಾಗಾಗಿ ಅದು ಮನೆಯ ಎರಡನೆಯ ಅಥವಾ ಮೂರನೆಯ ಕಾರು. ಕೊಳ್ಳುವವರು ಕಡಿಮೆ, ಆರ್ಥಿಕ ಸ್ಥಿತಿ ಬಿಗಿಯಾದರೆ ಮೊದಲು ಮಾರುವುದೂ ಅದನ್ನೇ.

ಆದರೆ ಬಾಕ್ಸ್‌ಟರ್ ಬೆಲೆ ಇಷ್ಟು ಕೆಳಗೆ ಇಳಿದದ್ದಕ್ಕೆ ಬೇರೊಂದು ಕಾರಣವೂ ಇದೆ. ಇದರ ಎಂಜಿನ್ ಒಳಗೆ ಇಂಟರ್‌ಮೀಡಿಯೇಟ್ ಶಾಫ್ಟ್ ಎಂಬ ಒಂದು ದಂಡವಿದೆ. ಎಲ್ಲರೂ ಐಎಂಎಸ್ ಎನ್ನುತ್ತಾರೆ. ಕ್ರ್ಯಾಂಕ್‌ಶಾಫ್ಟ್ ಇದನ್ನು ತಿರುಗಿಸುತ್ತದೆ, ಇದು ಚೈನುಗಳ ಮೂಲಕ ವಾಲ್ವ್‌ಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್‌ಗಳನ್ನು ತಿರುಗಿಸುತ್ತದೆ. ಈ ದಂಡದ ಒಂದು ತುದಿ ನಿಂತಿರುವುದು ಮುಷ್ಟಿಯಲ್ಲಿ ಹಿಡಿಯುವಷ್ಟು ಪುಟ್ಟ ಬಾಲ್ ಬೇರಿಂಗ್ ಮೇಲೆ. ಬೇರಿಂಗಿನ ಸೀಲ್ ಸವೆದರೆ ಒಳಗಿನ ಗ್ರೀಸ್ ತೊಳೆದು ಹೋಗುತ್ತದೆ. ಬೇರಿಂಗ್ ಒಡೆದರೆ ಚೈನಿನ ಲೆಕ್ಕ ತಪ್ಪಿ ವಾಲ್ವ್‌ಗಳು ಪಿಸ್ಟನ್‌ಗಳಿಗೆ ಬಡಿಯುತ್ತವೆ. ಅಲ್ಲಿಗೆ ಎಂಜಿನ್ ಕಥೆ ಮುಗಿಯಿತು. ಬೇರೆ ಎಂಜಿನ್ ಹಾಕಿಸಲು ಕಾರಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಖರ್ಚಾಗಬಹುದು. ಮೂಗಿಗಿಂತ ಮೂಗುತಿ ಭಾರ.

ಎಲ್ಲ ಕಾರುಗಳಲ್ಲೂ ಹೀಗಾಗುತ್ತದೆ ಎಂದಲ್ಲ. ಹೆಚ್ಚಿನ ಬಾಕ್ಸ್‌ಟರ್‌ಗಳು ಏನೂ ಆಗದೆ ಓಡಿವೆ. ಮೊದಲ ವರ್ಷಗಳ ಕಾರುಗಳಲ್ಲಿ ಎರಡು ಸಾಲು ಗುಂಡುಗಳ ಗಟ್ಟಿ ಬೇರಿಂಗ್ ಇತ್ತು. 2000ದ ಆಸುಪಾಸಿನಿಂದ 2005ರವರೆಗೆ ಬಂದ ಒಂದೇ ಸಾಲಿನ ಬೇರಿಂಗಿನದೇ ಹೆಚ್ಚು ದೂರು. 2006ರಿಂದ 2008ರ ಕಾರುಗಳಲ್ಲಿ ದೊಡ್ಡ ಬೇರಿಂಗ್ ಇದೆ, ಆದರೆ ಎಂಜಿನ್ ಬಿಚ್ಚದೆ ಅದನ್ನು ಹೊರತೆಗೆಯಲಾಗದು. 2009ರ ಹೊಸ ಎಂಜಿನ್‌ನಲ್ಲಿ ಈ ದಂಡವೇ ಇಲ್ಲ. ಈ ವಿಷಯ ಕೋರ್ಟಿಗೂ ಹೋಗಿ, 2001ರಿಂದ 2005ರ ಮಾಡೆಲ್‌ಗಳ ಮಾಲೀಕರ ಪರವಾಗಿ ಹೂಡಿದ್ದ ದಾವೆ 2013ರಲ್ಲಿ ರಾಜಿಯಲ್ಲಿ ಮುಗಿಯಿತು. ಆ ಪರಿಹಾರದ ಅವಧಿ ಎಂದೋ ಮುಗಿದಿದೆ. ಈಗ ಕೊಳ್ಳುವವರಿಗೆ ಅದರಿಂದ ಏನೂ ಸಿಗದು.

ಅಂದರೆ ಜಾಹೀರಾತಿನ ಹನ್ನೊಂದು ಸಾವಿರದಲ್ಲಿ ಈ ಭಯದ ಬೆಲೆಯನ್ನು ಮಾರುಕಟ್ಟೆ ಆಗಲೇ ಕಳೆದಿದೆ. ಯಾರೂ ನಮಗೆ ಪುಕ್ಕಟೆ ಕೊಡುತ್ತಿಲ್ಲ. ಇನ್ನೊಂದು ಮಾತು: ಕಾರಿನ ಬೆಲೆ ಇಳಿದಂತೆ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಬ್ರೇಕು, ರೇಡಿಯೇಟರು, ಬಟ್ಟೆಯ ಟಾಪು, ಹಿಂದೆ ಅಗಲ ಮುಂದೆ ಕಿರಿದಾದ ಟೈರು, ಎಲ್ಲವೂ ಇಂದಿಗೂ ಪೋರ್ಷೆಯವೇ. ಮೆಕ್ಯಾನಿಕ್‌ನ ಗಂಟೆಯ ದರವಂತೂ ವರ್ಷವರ್ಷ ಏರುತ್ತಲೇ ಇದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ಹೋಂಡಾ ಎಸ್2000. ಇದಕ್ಕೂ ಎರಡೇ ಸೀಟು, ಬಟ್ಟೆಯ ಟಾಪು. 1999ರಿಂದ 2009ರವರೆಗೆ ತಯಾರಾಯಿತು. ಹೊಸದಾಗಿದ್ದಾಗ ಬಾಕ್ಸ್‌ಟರ್‌ಗಿಂತ ಅಗ್ಗ, ಈಗ ಅದಕ್ಕಿಂತ ದುಬಾರಿ! ಕಡಿಮೆ ಮೈಲಿ ಓಡಿದ ಚೊಕ್ಕ ಕಾರುಗಳು ಶೋರೂಮಿನ ಬೆಲೆಯನ್ನೂ ದಾಟಿವೆ. ಬಂದದ್ದು ಮ್ಯಾನುಯಲ್ ಗೇರಿನಲ್ಲಿ ಮಾತ್ರ, ಎಂಜಿನ್ ಗಟ್ಟಿ ಎಂಬ ಹೆಸರಿದೆ, ಅಂಥದ್ದನ್ನು ಹೋಂಡಾ ಮತ್ತೆ ಮಾಡಲಿಲ್ಲ. ಜೊತೆಗೆ 2021ರಲ್ಲಿ ಚಿಪ್ ಕೊರತೆಯಿಂದ ಹಳೆಯ ಕಾರುಗಳ ಬೆಲೆಯೆಲ್ಲ ಏರಿದಾಗ ಇಂಥವು ಇನ್ನೂ ಮೇಲೆ ಹೋದವು. ಹಾಗೆಂದು ಲಾಭಕ್ಕಾಗಿ ಕಾರು ಕೊಳ್ಳಿ ಎಂದು ನಾನಂತೂ ಹೇಳುವವನಲ್ಲ. ವಿಮೆ, ಟೈರು, ಗ್ಯಾರೇಜಿನ ಜಾಗ ಇವನ್ನೆಲ್ಲ ಲೆಕ್ಕ ಹಾಕಿದರೆ ಲಾಭ ಎಲ್ಲಿಯದು?

ಸರಿ, ನಮ್ಮ ಮಿತ್ರರು ಏನು ಮಾಡಬೇಕು? ಮೊದಲು ಮಾರುವವರ ಹತ್ತಿರ ರಿಪೇರಿ ರಸೀದಿಗಳನ್ನು ಕೇಳಲಿ. ಐಎಂಎಸ್ ಬೇರಿಂಗ್ ಬದಲಾಗಿದೆಯೇ, ಯಾವಾಗ, ಎಷ್ಟು ಮೈಲಿಗೆ? ಕ್ಲಚ್ ಬದಲಿಸುವಾಗ ಹೇಗೂ ಗೇರ್‌ಬಾಕ್ಸ್ ಇಳಿಸುವುದರಿಂದ, ತಿಳಿದವರು ಎರಡನ್ನೂ ಒಟ್ಟಿಗೆ ಮಾಡಿಸಿರುತ್ತಾರೆ. ಆಗಿಲ್ಲವೆಂದರೆ ಆ ಕೆಲಸಕ್ಕೆ ಕೆಲವು ಸಾವಿರ ಡಾಲರ್ ಎತ್ತಿಡಬೇಕು, ಅದನ್ನು ಚೌಕಾಸಿಯಲ್ಲಿ ಕಳೆಯಬೇಕು. ಇದೇ ಕಾರುಗಳ ಕೆಲಸ ಮಾಡುವ, ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಹತ್ತಿರ ಕೊಳ್ಳುವ ಮೊದಲೇ ತಪಾಸಣೆ ಮಾಡಿಸಲಿ. ಆಯಿಲ್ ಫಿಲ್ಟರ್ ಬಿಚ್ಚಿ ಲೋಹದ ಚೂರುಗಳಿವೆಯೇ ಎಂದು ನೋಡಲು ಹೇಳಲಿ. ತಪಾಸಣೆಗೆ ಒಪ್ಪದವರ ಕಾರು ಬೇಡವೇ ಬೇಡ.

ಬರೀ ಮೈಲಿ ಕಡಿಮೆ ಎಂದು ಮರುಳಾಗುವುದೂ ಬೇಡ. ನಿಂತೇ ಇದ್ದ ಕಾರಿನ ಸೀಲುಗಳು, ರಬ್ಬರ್ ಹೋಸುಗಳು ಒಣಗಿ ಬಿರಿಯುತ್ತವೆ. ಟೈರಿನ ಪಕ್ಕದಲ್ಲಿರುವ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ: 3214 ಎಂದಿದ್ದರೆ 2014ರ ಮೂವತ್ತೆರಡನೆಯ ವಾರದ ಟೈರು. ಗುಂಡಿಗಳು ಆಳವಾಗಿ ಕಂಡರೂ ಅದು ಬದಲಿಸಬೇಕಾದದ್ದೇ.

ವಿಮೆಯ ವಿಷಯ ಹಲವರಿಗೆ ಹೊಳೆಯುವುದಿಲ್ಲ. ಅಪಘಾತವಾದರೆ ಸಾಮಾನ್ಯ ಪಾಲಿಸಿ ಕೊಡುವುದು ಕಾರಿನ ಆ ದಿನದ ಬೆಲೆಯನ್ನು ಮಾತ್ರ. ಅಗ್ಗದ ಕಾರಿಗೆ ದುಬಾರಿ ಬಿಡಿಭಾಗ ಇರುವಾಗ, ಬಂಪರು ಮತ್ತು ಎರಡು ಹೆಡ್‌ಲೈಟ್ ಒಡೆದರೂ ಕಂಪನಿಯವರು ಕಾರನ್ನೇ ಟೋಟಲ್ ಎಂದುಬಿಡಬಹುದು. ಹಿಂದೆ ಹಾಗಾಗಿ ಸಾಲ್ವೇಜ್ ಟೈಟಲ್ ಪಡೆದ ಕಾರುಗಳೂ ಚಂದದ ಫೋಟೋ ಹಾಕಿಕೊಂಡು ಮಾರಾಟಕ್ಕೆ ಬರುತ್ತವೆ. ಟೈಟಲ್ ಕಾಗದ ನೋಡದೆ ಮುಂಗಡ ಕೊಡಬೇಡಿ.

ನಮ್ಮ ಮಿತ್ರರು ಮುಂದಿನ ಶನಿವಾರ ಆ ಬೆಳ್ಳಿ ಕಾರನ್ನು ತಪಾಸಣೆಗೆ ಕರೆದೊಯ್ಯುತ್ತಾರಂತೆ. ಕಾರಿಗೆ ಹನ್ನೊಂದು, ರಿಪೇರಿಗೆಂದು ಬೇರೆ ಖಾತೆಯಲ್ಲಿ ಐದು ಸಾವಿರ. ಆ ಐದು ಇಲ್ಲದಿದ್ದರೆ ಹನ್ನೊಂದನ್ನೂ ಮುಟ್ಟುವಂತಿಲ್ಲ ಎಂದು ಮನೆಯಲ್ಲಿ ತೀರ್ಮಾನವಾಗಿದೆ. ರಸೀದಿಗಳ ಕಡತ ನೋಡಲು ಶ್ರೀಮತಿಯವರೂ ಜೊತೆಗೆ ಹೋಗುತ್ತಿದ್ದಾರೆ.