ಮಾರಬಾರದ ಟಗರುಮರಿ

ಲಿಂಗಸುಗೂರು, ಸಿಂಧನೂರು ಹಾಗೂ ಅಶೋಕನ ಶಾಸನದಿಂದ ಹೆಸರಾದ ಮಸ್ಕಿಯ ಕಲ್ಲುಗುಡ್ಡಗಳ ಸೀಮೆಯು ಕೆಂಗುರಿಯ ತವರು. ಮೈಬಣ್ಣ ಬಹುಮಟ್ಟಿಗೆ ತೆಂಗಿನಕಾಯಿಯ ಕಂದು. ಟಗರಿಗೆ ಕೊಂಬುಂಟು, ಹೆಣ್ಣುಕುರಿ ಸಾಮಾನ್ಯವಾಗಿ ಬೋಳು. ದಖ್ಖನಿ ಕುರಿಯಂತೆ ಕಂಬಳಿಗೊದಗುವ ಉಣ್ಣೆ ಇದಕ್ಕಿಲ್ಲ, ಇರುವುದು ಬರಿಯ ಕೂದಲು. ಆದುದರಿಂದ ಆದಾಯವೆಲ್ಲ ಮಾಂಸ ಮತ್ತು ಗೊಬ್ಬರದಿಂದಲೇ.

ಸಣ್ಣ ಹಿಂಡಿನ ಕುಟುಂಬಗಳು ಎಡವುವುದು ಹೆಚ್ಚಾಗಿ ಟಗರಿನ ಆಯ್ಕೆಯಲ್ಲಿ. ದಷ್ಟಪುಷ್ಟವಾಗಿ ಬೆಳೆದ ಗಂಡುಮರಿಯ ಮೇಲೆಯೇ ದಲ್ಲಾಳಿಯ ಕಣ್ಣು. ಬಕ್ರೀದ್ ಸಮೀಪಿಸಿತೆಂದರೆ ಬೆಲೆಯೂ ಏರುತ್ತದೆ. ಮಕ್ಕಳ ಶಾಲಾ ಶುಲ್ಕ, ಬಿತ್ತನೆಯ ಖರ್ಚು ಎದುರಿಗಿರುವಾಗ ಬೇಡವೆನ್ನುವುದು ಸುಲಭವೇ? ಆದರೆ ಮಾರದೆ ಉಳಿದ ಬಡಕಲು ಮರಿಯೇ ಮುಂದಿನ ಪೀಳಿಗೆಗೆ ತಂದೆಯಾಗುತ್ತದೆ. ತಾಯಿ, ತಂಗಿಯರೊಡನೆಯೇ ಕೂಡುತ್ತದೆ. ಕ್ರಮೇಣ ಮರಿಗಳ ತೂಕ ಇಳಿದು ಸಾವು ಹೆಚ್ಚುತ್ತದೆ.

25-30 ಹೆಣ್ಣುಕುರಿಗೆ ಒಂದು ಟಗರು ಸಾಕು. ಸುಮಾರು 2 ವರ್ಷಕ್ಕೊಮ್ಮೆ ಅದನ್ನು ದೂರದ ಊರಿನ ಹಿಂಡಿನೊಡನೆ ಅದಲುಬದಲು ಮಾಡಿಕೊಳ್ಳಬೇಕು. ಗರ್ಭಾವಧಿ ಸುಮಾರು 150 ದಿನ; ಹಸಿರು ಮೇವಿನ ಕಾಲಕ್ಕೆ ಮರಿಯಾಗುವಂತೆ ಟಗರನ್ನು ಬಿಡಬಹುದು.

ತುಂಗಭದ್ರಾ ಎಡದಂಡೆ ಕಾಲುವೆಯಿಂದ ಸಿಂಧನೂರು ಭತ್ತದ ನಾಡಾಯಿತು, ಮೇಯುವ ಬಯಲು ಕಿರಿದಾಯಿತು. ನೀರು ನಿಂತ ಗದ್ದೆಯ ಬದಿಯಲ್ಲಿ ಮೇಯಿಸಿದರೆ ಬಸವನಹುಳುವಿನ ಮೂಲಕ ಯಕೃತ್ತಿನ ಹುಳು ಸೇರುವ ಭಯವುಂಟು. ಪಶುವೈದ್ಯರನ್ನು ಕೇಳಿ ಜಂತುನಾಶಕ ಕುಡಿಸುವುದು, ಮಳೆಗಾಲಕ್ಕೆ ಮುನ್ನ ಕರುಳುಬೇನೆಯ ಲಸಿಕೆ ಹಾಕಿಸುವುದು ಅಗತ್ಯ.

ಇನ್ನು ಟಗರುಮರಿಯ ಮಾತು. ಹಾಲು ಚೆನ್ನಾಗಿರುವ, ಮರಿಗಳನ್ನು ಸಾಯಗೊಡದೆ ಸಾಕಿದ ತಾಯಿಯ ಗಂಡುಮರಿಯನ್ನು ಹಾಲು ಬಿಡುವ ಹೊತ್ತಿಗೇ ಗುರುತಿಸಿ, ದಲ್ಲಾಳಿ ಬರುವ ಮುನ್ನವೇ ಬೇರೆ ಕಟ್ಟಿಡುವುದು ಲೇಸು.